ಲಂಡನ್‌ನಲ್ಲಿ ಕಂಪನಿ ತೆರೆದರೆ ಶೂಟಿಂಗ್ ಖರ್ಚು ವಾಪಸ್ ಬರುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಮೂವರು ಸ್ನೇಹಿತರು ಮೈಸೂರಿನಲ್ಲಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿಕೊಂಡು ಒಂದು ಕನ್ನಡ ಸಿನಿಮಾ ನಿರ್ಮಿಸುತ್ತಿದ್ದೇವೆ. ಬಜೆಟ್ ಸುಮಾರು 7 ಕೋಟಿ. ಕಥೆಯ ಒಂದು ಭಾಗ ಲಂಡನ್ ಮತ್ತು ಲೀಡ್ಸ್‌ನಲ್ಲಿ ನಡೆಯುತ್ತದೆ. ಅಲ್ಲಿ 24 ದಿನ ಶೂಟಿಂಗ್. ಇಲ್ಲಿಂದ 28 ಜನ ಹೋಗಬೇಕು. ಅಲ್ಲಿನ ಖರ್ಚು ಎರಡೂವರೆ ಕೋಟಿ ಆಗಬಹುದು. ನನ್ನ ಚಿಕ್ಕಪ್ಪನ ಮಗ ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ತನ್ನ ಹೆಸರಲ್ಲಿ ಅಲ್ಲೊಂದು ಕಂಪನಿ ತೆರೆದರೆ ಖರ್ಚಿನ 34% ಸರ್ಕಾರ ವಾಪಸ್ ಕೊಡುತ್ತದೆ ಅಂತಾನೆ. ಇನ್ನೊಬ್ಬರು ಕೋ-ಪ್ರೊಡಕ್ಷನ್ ಮಾಡಿ ಅಂತಾರೆ. ಒಬ್ಬ ಮ್ಯಾನೇಜರ್ ಮಾತ್ರ, ‘ಸಾರ್, ಏನೂ ಬೇಡ, ಟೂರಿಸ್ಟ್ ಅಂತ ವೀಸಾ ಮಾಡಿಸಿ, ಚಿಕ್ಕ ಕ್ಯಾಮೆರಾ ತಗೊಂಡು ಹೋಗಿ ಮುಗಿಸಿಕೊಂಡು ಬರೋಣ’ ಅಂತಿದ್ದಾರೆ. ಯಾರ ಮಾತು ಕೇಳೋಣ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಎರಡು ಚಿಂತೆ ಕಂಡವು. ಸಿಗುವ ಹಣವನ್ನು ಸುಮ್ನೆ ಬಿಟ್ಟುಬಿಡುತ್ತಿದ್ದೇವಾ ಅನ್ನುವುದು ಒಂದು. ಪರದೇಶದಲ್ಲಿ ಕಾನೂನಿನ ಕೈಗೆ ಸಿಕ್ಕಿಬೀಳುತ್ತೇವಾ ಅನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಚಿಂತೆಗಳೇ. ಹೊರದೇಶದಲ್ಲಿ ಚಿತ್ರೀಕರಣ ಮಾಡುವ ನಿರ್ಮಾಪಕರ ಒಪ್ಪಂದ ಮತ್ತು ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಹೆಚ್ಚಿನವರು ಎಷ್ಟು ಪರ್ಸೆಂಟ್ ವಾಪಸ್ ಬರುತ್ತದೆ ಎಂದು ಮೊದಲು ಕೇಳುತ್ತಾರೆ. ಆದರೆ ಮೊದಲು ತೀರ್ಮಾನ ಆಗಬೇಕಾದದ್ದು ಬೇರೆ: ಈ ಸಿನಿಮಾದ ನಿರ್ಮಾಪಕ ಯಾರು? ವೀಸಾ, ತೆರಿಗೆ, ವಿಮೆ, ಹಕ್ಕು, ಸೆನ್ಸಾರ್ ಎಲ್ಲವೂ ಆ ಉತ್ತರದ ಮೇಲೆ ನಿಂತಿವೆ.

ಮೊದಲು ಆ 34%. ನಿಮ್ಮ ತಮ್ಮ ಹೇಳಿದ ಸಂಖ್ಯೆ ಸುಳ್ಳಲ್ಲ. ಬ್ರಿಟನ್ನಿನಲ್ಲಿ 2024ರ ಜನವರಿ 1ರಿಂದ ಆಡಿಯೋ ವಿಷುವಲ್ ಎಕ್ಸ್‌ಪೆಂಡಿಚರ್ ಕ್ರೆಡಿಟ್ ಎಂಬ ವ್ಯವಸ್ಥೆ ಇದೆ. ಚಿತ್ರಮಂದಿರದಲ್ಲಿ ಬಿಡುಗಡೆ ಮಾಡುವ ಉದ್ದೇಶದ ಸಿನಿಮಾಗಳಿಗೆ ಅರ್ಹ ಖರ್ಚಿನ ಮೇಲೆ 34% ಕ್ರೆಡಿಟ್, ಅಂದರೆ ತೆರಿಗೆ ಲೆಕ್ಕದ ಮೂಲಕ ಸರ್ಕಾರ ವಾಪಸ್ ಕೊಡುವ ಹಣ, ಸಿಗುತ್ತದೆ. ಆದರೆ ಆ ಕ್ರೆಡಿಟ್‌ಗೇ ಕಂಪನಿ ತೆರಿಗೆ ಬೀಳುತ್ತದೆ. 25% ದರದಲ್ಲಿ ತೆರಿಗೆ ಕಳೆದರೆ ಕೈಗೆ ಬರುವುದು 25.5%. ನಿಮ್ಮ ಎರಡೂವರೆ ಕೋಟಿಯೂ ಅರ್ಹ ಎಂದುಕೊಂಡರೂ 63 ಲಕ್ಷ 75 ಸಾವಿರ ರೂಪಾಯಿ ಆಯಿತು, 85 ಲಕ್ಷ ಅಲ್ಲ. ಅದೂ ಶೂಟಿಂಗ್ ಮುಗಿದ ಕೂಡಲೇ ಬರುವ ಹಣವಲ್ಲ. ಕಂಪನಿಯ ಲೆಕ್ಕದ ಅವಧಿ ಮುಗಿದು, ತೆರಿಗೆ ರಿಟರ್ನ್ ಜೊತೆ ಕ್ಲೇಮು ಹಾಕಿದ ಮೇಲೆ ಬರುವಂಥದ್ದು. ಅಲ್ಲಿವರೆಗೆ ಪೂರ್ತಿ ಎರಡೂವರೆ ಕೋಟಿಯನ್ನು ನೀವೇ ಹೊಂದಿಸಬೇಕು.

ಇಷ್ಟಾದರೂ ಬರಲಿ, ಬಿಡಬಾರದು ಅಂತ ನಿಮಗೆ ಅನ್ನಿಸಬಹುದು. ಆದರೆ ನಿಮ್ಮ ವಿಷಯದಲ್ಲಿ ಅದು ಸಿಗುವುದೇ ಕಷ್ಟ. ಈ ಕ್ರೆಡಿಟ್ ಸಿಗುವುದು ಇಂಗ್ಲೆಂಡಿನ ಶೂಟಿಂಗ್ ನೋಡಿಕೊಂಡ ಕಂಪನಿಗಲ್ಲ, ಇಡೀ ಸಿನಿಮಾ ನಿರ್ಮಿಸುವ ಕಂಪನಿಗೆ. ಪೂರ್ವತಯಾರಿ, ಚಿತ್ರೀಕರಣ, ಎಡಿಟಿಂಗ್ ಮತ್ತು ಡಬ್ಬಿಂಗ್ ಸೇರಿ ಎಲ್ಲ ಪೋಸ್ಟ್ ಪ್ರೊಡಕ್ಷನ್, ಕೊನೆಗೆ ಸಿದ್ಧ ಸಿನಿಮಾ ಒಪ್ಪಿಸುವುದು, ಇವೆಲ್ಲದರ ಹೊಣೆ ಆ ಕಂಪನಿಯದೇ ಆಗಿರಬೇಕು. ಕಥೆಯ ಹಕ್ಕಿಗೆ, ಸಾಮಗ್ರಿಗೆ, ಕೆಲಸದವರಿಗೆ ಅದೇ ನೇರವಾಗಿ ಮಾತಾಡಿ, ಸಹಿ ಹಾಕಿ, ಹಣ ಕೊಟ್ಟಿರಬೇಕು. ಒಂದು ಸಿನಿಮಾಕ್ಕೆ ಇಂಥ ಕಂಪನಿ ಒಂದೇ ಇರಲು ಸಾಧ್ಯ. ನಿಮ್ಮ ತಮ್ಮ ರೆಡಿಂಗ್‌ನಲ್ಲಿ ತೆರೆಯುವ ಕಂಪನಿ 24 ದಿನದ ಬಿಲ್ ಕಟ್ಟಿದ ಮಾತ್ರಕ್ಕೆ ಈ ಷರತ್ತು ಪೂರೈಸುವುದಿಲ್ಲ.

ಅದನ್ನು ಪೂರೈಸಲೇಬೇಕು ಅಂದರೆ ಇಡೀ ವ್ಯವಹಾರ ತಲೆಕೆಳಗಾಗಬೇಕು. ಚಿತ್ರಕಥೆಯ ಹಕ್ಕನ್ನು ನಿಮ್ಮ ಎಲ್‌ಎಲ್‌ಪಿ ಆ ಕಂಪನಿಗೆ ಬರೆದುಕೊಡಬೇಕು. ಮೈಸೂರಿನ ಶೂಟಿಂಗ್ ಕೂಡ ಅದರ ಪರವಾಗಿ ನಡೆಯಬೇಕು, ನೀವು ಅದಕ್ಕೆ ಕೆಲಸ ಮಾಡಿಕೊಡುವವರಾಗಬೇಕು. ಆಗ ನಿಮ್ಮ ಊರಿನಲ್ಲಿ ನಿಮ್ಮದೇ ಸಿನಿಮಾ ವಿದೇಶಿ ಸಿನಿಮಾ ಆಗುತ್ತದೆ. ಭಾರತದಲ್ಲಿ ಚಿತ್ರೀಕರಿಸುವ ವಿದೇಶಿ ಕಂಪನಿಗಳಿಗೆ ಕೇಂದ್ರದ ಅನುಮತಿ ಬೇಕು. ಸೆನ್ಸಾರ್‌ನಲ್ಲೂ ವಿದೇಶಿ ಚಿತ್ರಕ್ಕೆ ಕೇಳುವ ಕಾಗದಗಳು ಬೇರೆ. 63 ಲಕ್ಷದ ಆಸೆಗೆ ಸಿನಿಮಾದ ಒಡೆತನವನ್ನೇ ಬೇರೊಂದು ದೇಶಕ್ಕೆ ದಾಟಿಸುವುದು ನಿಮ್ಮ ಗಾತ್ರದ ನಿರ್ಮಾಪಕರಿಗೆ ತಕ್ಕದ್ದಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಕ್ರೆಡಿಟ್ ಸಿಗಲು ದಾಟಬೇಕಾದ ಇನ್ನೊಂದು ಬಾಗಿಲಿದೆ. ಸಿನಿಮಾ ಬ್ರಿಟಿಷ್ ಸಿನಿಮಾ ಎಂದು ಬಿಎಫ್‌ಐ, ಅಂದರೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಸಾಂಸ್ಕೃತಿಕ ಪರೀಕ್ಷೆ ಎಂಬ ಅಂಕಪಟ್ಟಿ ಇದೆ. ಒಟ್ಟು 35 ಅಂಕ, ಪಾಸಾಗಲು 18 ಬೇಕು. ಕಥೆ ಎಲ್ಲಿ ನಡೆಯುತ್ತದೆ, ಪಾತ್ರಗಳು ಯಾವ ದೇಶದವು, ಕೆಲಸ ಎಲ್ಲಿ ನಡೆಯಿತು, ನಿರ್ದೇಶಕ, ಬರಹಗಾರ, ಮುಖ್ಯ ತಂತ್ರಜ್ಞರು ಎಲ್ಲಿಯವರು ಎಂದೆಲ್ಲ ನೋಡುತ್ತಾರೆ. ಭಾಷೆಗೇ 6 ಅಂಕ ಇವೆ. ಅವು ಇಂಗ್ಲಿಷ್, ವೆಲ್ಷ್‌ನಂಥ ಅಲ್ಲಿನ ಭಾಷೆಗಳು ಮತ್ತು ಯುರೋಪಿನ ಕೆಲವು ಭಾಷೆಗಳಿಗೆ ಮಾತ್ರ. ಕನ್ನಡ ಸಂಭಾಷಣೆಗೆ ಅಲ್ಲಿ ಸೊನ್ನೆ. ನಾಯಕ ಮೈಸೂರಿನವನು, ನಿರ್ದೇಶಕರು ಇಲ್ಲಿನವರು, ಡಬ್ಬಿಂಗ್ ಬೆಂಗಳೂರಿನಲ್ಲಿ. ಉಳಿದದ್ದರಲ್ಲಿ 18 ಕೂಡಿಸುವುದು ಹೇಗೆ? ಲಂಡನ್‌ನಲ್ಲಿ ಹಾಡು, ಕೆಲವು ದೃಶ್ಯ ತೆಗೆಯುವ ನಮ್ಮ ಹೆಚ್ಚಿನ ಸಿನಿಮಾಗಳು ಈ ಪರೀಕ್ಷೆಯಲ್ಲೇ ನಿಂತುಬಿಡುತ್ತವೆ. ಕಂಪನಿ ತೆರೆದರೆ ಸಾಕು ಎನ್ನುವವರು ಈ ಅಂಕಪಟ್ಟಿಯನ್ನು ಒಮ್ಮೆ ತೆರೆದು ನೋಡಿದ್ದರೂ ಆ ಮಾತು ಆಡುತ್ತಿರಲಿಲ್ಲ.

ಈಗ ವೀಸಾಕ್ಕೆ ಬರುತ್ತೇನೆ. ಇಲ್ಲಿ ನಿಮಗೆ ಒಳ್ಳೆಯ ಸುದ್ದಿಯೇ ಇದೆ. ನಿಮ್ಮ ಮ್ಯಾನೇಜರ್ ವಿಸಿಟರ್ ವೀಸಾ ಸಾಕು ಎಂದದ್ದು ಅರ್ಧ ಸರಿ. ಬ್ರಿಟನ್ನಿನ ನಿಯಮದಲ್ಲಿ ಸಿನಿಮಾ ತಂಡಗಳಿಗೆಂದೇ ಒಂದು ಅವಕಾಶ ಇದೆ. ಸಿನಿಮಾ ವಿದೇಶದಲ್ಲಿ ನಿರ್ಮಾಣವಾಗುತ್ತಿರಬೇಕು, ಇಲ್ಲವೇ ಅದರ ಬಹುಪಾಲು ಹಣ ವಿದೇಶದಿಂದ ಬರುತ್ತಿರಬೇಕು. ನಟರು, ನಿರ್ಮಾಪಕರು, ನಿರ್ದೇಶಕರು, ತಂತ್ರಜ್ಞರು ವಿದೇಶಿ ಕಂಪನಿಯ ನೌಕರರಾಗಿರಬೇಕು ಅಥವಾ ಅದರಿಂದ ಸಂಭಾವನೆ ಪಡೆಯುತ್ತಿರಬೇಕು. ಅಂಥವರು ಲೊಕೇಷನ್ ಶೂಟಿಂಗ್‌ಗೆ ವಿಸಿಟರ್ ವೀಸಾದಲ್ಲೇ ಹೋಗಬಹುದು. ನಿಮ್ಮ 28 ಜನರಿಗೂ ಇದು ಹೊಂದುತ್ತದೆ.

ಆದರೆ ‘ಟೂರಿಸ್ಟ್ ಅಂತ ಹೇಳಿ’ ಅನ್ನುವುದು ಪೂರ್ತಿ ತಪ್ಪು. ಅರ್ಜಿಯಲ್ಲಿ ಶೂಟಿಂಗ್‌ಗೆ ಹೋಗುತ್ತಿದ್ದೇವೆ ಎಂದೇ ಬರೆಯಬೇಕು. ನಿಮ್ಮ ಎಲ್‌ಎಲ್‌ಪಿಯ ಪತ್ರ, ಚಿತ್ರೀಕರಣದ ವೇಳಾಪಟ್ಟಿ, ಸಂಭಾವನೆ ಇಲ್ಲಿಂದಲೇ ಹೋಗುತ್ತದೆ ಎನ್ನುವ ದಾಖಲೆ, ಅಲ್ಲಿ ನಿಮಗೆ ನೆರವಾಗುವ ಕಂಪನಿಯ ಪತ್ರ, ಎಲ್ಲ ಲಗತ್ತಿಸಿ. ಕಾನೂನು ಬಾಗಿಲು ತೆರೆದಿಟ್ಟಿರುವಾಗ ಕಿಟಕಿ ಹಾರುವುದು ಯಾಕೆ? ಸುಳ್ಳು ಹೇಳಿದ್ದು ಗೊತ್ತಾದರೆ 10 ವರ್ಷದವರೆಗೆ ಆ ದೇಶಕ್ಕೆ ಹೋಗದಂತೆ ನಿರ್ಬಂಧ ಬೀಳಬಹುದು. ಅದು ನಿಮ್ಮ ಮ್ಯಾನೇಜರ್‌ಗೆ ಮಾತ್ರ ಬೀಳುವುದಲ್ಲ. ಲೈಟ್ ಹಿಡಿಯುವ ಹುಡುಗನ ಪಾಸ್‌ಪೋರ್ಟಿಗೂ ಬೀಳುತ್ತದೆ. ನೀವು ಹೇಳಿದಂತೆ ಅರ್ಜಿಗೆ ಸಹಿ ಹಾಕಿದ ಆ ಹುಡುಗನ ಮುಂದಿನ ಕೆಲಸಗಳಿಗೆ ಯಾರು ಹೊಣೆ?

ಇನ್ನು ಕಂಪನಿ ತೆರೆಯುವ ಯೋಚನೆಯನ್ನು ವೀಸಾದ ಪಕ್ಕ ಇಟ್ಟು ನೋಡಿ. ಈ ಸುಲಭದ ವೀಸಾ ಸಿಗುವುದು ಸಂಭಾವನೆ ವಿದೇಶಿ ಕಂಪನಿಯಿಂದ ಬರುವಾಗ. ರೆಡಿಂಗ್‌ನ ಕಂಪನಿಯೇ ನಿರ್ಮಾಪಕನಾಗಿ ನಿಮ್ಮ ತಂಡಕ್ಕೆ ಸಂಬಳ ಕೊಟ್ಟರೆ ಆ ದಾರಿ ಮುಚ್ಚುತ್ತದೆ. ಆಗ ಕ್ರಿಯೇಟಿವ್ ವರ್ಕರ್ ವೀಸಾ ಬೇಕು. ಅದಕ್ಕೆ ಆ ಕಂಪನಿ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಪರವಾನಗಿ ಪಡೆದು, ಪ್ರತಿಯೊಬ್ಬರಿಗೂ ಸ್ಪಾನ್ಸರ್ ಪ್ರಮಾಣಪತ್ರ ಕೊಡಬೇಕು. ಹಣ ವಾಪಸ್ ಪಡೆಯಲು ಮಾಡಿದ ಏರ್ಪಾಡೇ ತಂಡವನ್ನು ವಿಮಾನ ಹತ್ತಿಸುವುದನ್ನು ಕಷ್ಟ ಮಾಡುತ್ತದೆ. ಇದನ್ನು ಮೊದಲೇ ಹೇಳುವವರು ಕಡಿಮೆ. ತೆರಿಗೆ ಸಲಹೆಗಾರರು ವೀಸಾ ನೋಡುವುದಿಲ್ಲ, ವೀಸಾ ಏಜೆಂಟರು ತೆರಿಗೆ ನೋಡುವುದಿಲ್ಲ.

ತಮ್ಮನ ಕಂಪನಿಗೆ ಹಣ ಕಳಿಸುವ ವಿಚಾರದಲ್ಲೂ ಒಂದು ಎಚ್ಚರಿಕೆ ಹೇಳಲೇಬೇಕು. ಅಲ್ಲಿ ಕಂಪನಿ ನೋಂದಾಯಿಸುವುದು ಸುಲಭ, ನಿಜ. ಷೇರುಗಳು ಅವನ ಹೆಸರಲ್ಲಿದ್ದರೆ ಕಂಪನಿ ಅವನದು. ಮನೆಯಲ್ಲಿ ನಂಬಿಕೆ ಎಷ್ಟೇ ಇರಲಿ, ಕಾಗದದಲ್ಲಿ ಅದು ಕಾಣುವುದಿಲ್ಲ. ಸರಿ, ನಮ್ಮ ಹೆಸರಲ್ಲೇ ತೆರೆಯೋಣ ಎಂದರೆ ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯ ಕೆಳಗೆ 2022ರಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳು ಅನ್ವಯವಾಗುತ್ತವೆ. ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ವರದಿ ಕೊಟ್ಟು ಆ ಹೂಡಿಕೆಗೆ ಗುರುತಿನ ನಂಬರ್ ಪಡೆಯಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ವರದಿ ಸಲ್ಲಿಸಬೇಕು. ಷೇರು ತೆಗೆದುಕೊಳ್ಳದೆ ಸುಮ್ನೆ ‘ಸಾಲ’ ಅಂತ ಬರೆದು ಅಲ್ಲಿನ ಕಂಪನಿಗೆ ದುಡ್ಡು ಕಳಿಸಲು ಬರುವುದಿಲ್ಲ. ಸಿನಿಮಾ ಬಿಡುಗಡೆಯಾಗಿ ಎಲ್ಲರೂ ಮರೆತ ಮೇಲೂ ಈ ವರದಿಗಳ ಬಾಕಿ ಮತ್ತು ದಂಡದ ಲೆಕ್ಕ ಹಿಡಿದು ನನ್ನ ಹತ್ತಿರ ಬರುವ ನಿರ್ಮಾಪಕರು ಇದ್ದಾರೆ. ಅವರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಕಂಪನಿ ಮುಚ್ಚುವುದನ್ನೇ ಮರೆತವರು, ಅಷ್ಟೆ.

ಕೋ-ಪ್ರೊಡಕ್ಷನ್ ಸಲಹೆ ಕೊಟ್ಟವರು ದೊಡ್ಡ ಮಾತನ್ನೇ ಹೇಳಿದ್ದಾರೆ. ಭಾರತ ಮತ್ತು ಬ್ರಿಟನ್ ನಡುವೆ 2005ರಲ್ಲಿ ಸಹಿಯಾದ ಸಹ-ನಿರ್ಮಾಣ ಒಪ್ಪಂದ ಇದೆ. ಅದರಡಿ ಮಾನ್ಯತೆ ಸಿಕ್ಕ ಸಿನಿಮಾ ಎರಡೂ ದೇಶದ ಸಿನಿಮಾ ಎನ್ನಿಸಿಕೊಳ್ಳುತ್ತದೆ. ಸಾಂಸ್ಕೃತಿಕ ಪರೀಕ್ಷೆ ಬೇಡ. ಬಜೆಟ್ ಚಿಕ್ಕದಿದ್ದರೆ ಅಲ್ಲಿನ ಸ್ವತಂತ್ರ ಸಿನಿಮಾಗಳಿಗೆ ಕೊಡುವ 53% ಕ್ರೆಡಿಟ್ ಕೂಡ ಎಟುಕಬಹುದು. ತೆರಿಗೆ ಕಳೆದು ಅದು 39.75%. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಇದಕ್ಕೆ ನಿಜವಾದ ಬ್ರಿಟಿಷ್ ನಿರ್ಮಾಪಕರು ಬೇಕು. ಅವರು ಹಣ ಹಾಕಬೇಕು. ಕಲೆ ಮತ್ತು ತಂತ್ರದ ಕೆಲಸದಲ್ಲೂ ಅವರ ಪಾಲು ಇರಬೇಕು. ಒಪ್ಪಂದ ಹೇಳುವ ಕನಿಷ್ಠ ಮಟ್ಟಕ್ಕಿಂತ ಆ ಪಾಲು ಕಡಿಮೆ ಇರುವ ಹಾಗಿಲ್ಲ. ಹಕ್ಕಿನಲ್ಲಿ, ಲಾಭದಲ್ಲಿ ಅವರೂ ಪಾಲುದಾರರು. ಇಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯದ, ಅಲ್ಲಿ ಬಿಎಫ್‌ಐನ ಒಪ್ಪಿಗೆಯನ್ನು ಚಿತ್ರೀಕರಣಕ್ಕೆ ಮೊದಲೇ ಕೇಳಬೇಕು. ನಿಮ್ಮ ತಮ್ಮ ಹೆಸರಿಗೆ ಸಹ-ನಿರ್ಮಾಪಕನಾಗಿ ಇದನ್ನು ಮಾಡಲಾರ. ಮುಂದೆ ನಿಮ್ಮ ಹತ್ತಿರ ಅಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಕಥೆ ಇದ್ದು, ಅಲ್ಲಿನ ಬರಹಗಾರರು, ನಟರು, ನಿರ್ಮಾಪಕರು ನಿಜವಾಗಿ ಜೊತೆಯಾದರೆ ಈ ದಾರಿಯೇ ಚೆಂದ. ಅಂಥ ಸಿನಿಮಾ ಕನ್ನಡದಲ್ಲಿ ಬರಲಿ ಎಂಬ ಆಸೆ ನನಗೂ ಇದೆ. ಈ ಸಿನಿಮಾಕ್ಕೆ ಮಾತ್ರ ಇದು ಹೊಂದುವುದಿಲ್ಲ.

ಹಾಗಾದರೆ ನಿಮಗೆ ಉಳಿದದ್ದು ಏನು? ನಿರ್ಮಾಪಕರು ನೀವೇ ಆಗಿರಿ. ಅಲ್ಲಿ ಒಂದು ಪ್ರೊಡಕ್ಷನ್ ಸರ್ವಿಸ್ ಕಂಪನಿಯನ್ನು ಕೆಲಸಕ್ಕೆ ಇಟ್ಟುಕೊಳ್ಳಿ. ಲೊಕೇಷನ್ ಅನುಮತಿ, ವಾಹನ, ಹೋಟೆಲ್, ಸ್ಥಳೀಯ ಕೆಲಸಗಾರರು, ಜೂನಿಯರ್ ಆರ್ಟಿಸ್ಟ್, ಸುರಕ್ಷತೆ ಎಲ್ಲ ಅವರು ನೋಡುತ್ತಾರೆ. ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತಾರೆ. ಸಿನಿಮಾ, ಹಕ್ಕು, ನಿರ್ಧಾರ ಎಲ್ಲ ನಿಮ್ಮದು. ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಅದರ ಬದಲು ವೀಸಾ ಸುಲಭ, ಫೆಮಾ ವರದಿಗಳಿಲ್ಲ, ಮುಚ್ಚಬೇಕಾದ ಕಂಪನಿಯೂ ಇಲ್ಲ. ನಿಮ್ಮ ಪತ್ರದಲ್ಲಿ ಮೂವರು ಸಲಹೆ ಕೊಟ್ಟಿದ್ದರೂ ಇದನ್ನು ಯಾರೂ ಹೇಳಿಲ್ಲ.

ಇದರಲ್ಲಿ ಅಪಾಯವೇ ಇಲ್ಲ ಅಂತಲ್ಲ. ಅಪಾಯ ಇರುವುದು ಆ ಕಂಪನಿ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ವಾಟ್ಸಾಪಿನಲ್ಲಿ ಕಳಿಸಿದ ಒಂದು ಪುಟದ ಕೊಟೇಶನ್‌ನಿಂದ ಶುರುವಾದವು. ಅದರಲ್ಲಿ ಒಟ್ಟು ಮೊತ್ತ ಇರುತ್ತದೆ, ವ್ಯಾಟ್ ಸೇರಿದೆಯೋ ಇಲ್ಲವೋ ಇರುವುದಿಲ್ಲ. ಬ್ರಿಟನ್ನಿನ ವ್ಯಾಟ್ 20%. ಎರಡೂವರೆ ಕೋಟಿಯ ಬಜೆಟ್‌ನಲ್ಲಿ ಅದು ಚಿಕ್ಕ ಮಾತಲ್ಲ. ಯಾವ ಖರ್ಚಿಗೆ ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ ಎಂದು ಸಾಲು ಸಾಲಾಗಿ ಬರೆಸಿಕೊಳ್ಳಿ. ನೀವು ಕಳಿಸುವ ಹಣ ನಿಮ್ಮ ಸಿನಿಮಾಕ್ಕೆಂದೇ ತೆರೆದ ಬೇರೆ ಖಾತೆಯಲ್ಲಿ ಇರಬೇಕು. ಕಂತುಗಳಲ್ಲಿ ಕೊಡಿ. ಪ್ರತಿ ವಾರ ಖರ್ಚಿನ ಪಟ್ಟಿ ಕೇಳಿ. ಉಳಿದ ಹಣ ಯಾರಿಗೆ, ಮಳೆಯಿಂದ ಶೂಟಿಂಗ್ ನಿಂತರೆ ಆ ದಿನದ ಖರ್ಚು ಯಾರದು, ಹೆಚ್ಚುವರಿ ಗಂಟೆಗೆ ದರ ಎಷ್ಟು ಎನ್ನುವುದೂ ಅದರಲ್ಲಿರಲಿ. ಲೀಡ್ಸ್‌ನಲ್ಲಿ ಮಳೆ ಬರುವುದಿಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ.

ಹಕ್ಕಿನ ಮಾತು ಇನ್ನೂ ಮುಖ್ಯ. ಅಲ್ಲಿನ ಕ್ಯಾಮೆರಾ ಸಹಾಯಕರು, ನಟರು, ಚಿತ್ರದಲ್ಲಿ ಕಾಣುವ ಜನ ಎಲ್ಲರಿಂದ ಸರ್ವಿಸ್ ಕಂಪನಿ ಸಹಿ ಮಾಡಿಸಿಕೊಂಡು, ಆ ಹಕ್ಕು ನಿಮ್ಮ ಎಲ್‌ಎಲ್‌ಪಿಗೆ ಬರುವಂತೆ ಬರೆದುಕೊಡಬೇಕು. ಒಟಿಟಿಗೆ ಮಾರುವಾಗ ಈ ಕಾಗದಗಳನ್ನು ಒಂದೊಂದಾಗಿ ಕೇಳುತ್ತಾರೆ. ಇನ್ನೊಂದು ಸಾಲು ತಪ್ಪದೆ ಸೇರಿಸಿ: ಹಣದ ತಕರಾರು ಏನೇ ಬಂದರೂ ಚಿತ್ರೀಕರಿಸಿದ ಹಾರ್ಡ್ ಡಿಸ್ಕ್‌ಗಳನ್ನು ಅವರು ತಡೆಹಿಡಿಯುವಂತಿಲ್ಲ. ಒಬ್ಬ ನಿರ್ಮಾಪಕರ ಫುಟೇಜ್ ಹೀಗೇ ಪರದೇಶದ ಆಫೀಸೊಂದರಲ್ಲಿ ಸಿಕ್ಕಿಕೊಂಡಿತ್ತು. ಬಾಕಿ ಇದ್ದದ್ದು ವಾಹನದ ಬಿಲ್, ನಿಂತದ್ದು ಇಡೀ ಸಿನಿಮಾ.

ವಿಮೆ ಇಲ್ಲದೆ ಅಲ್ಲಿ ಒಂದು ಹೆಜ್ಜೆಯೂ ಇಡಬೇಡಿ. ಕೆಲಸಗಾರರನ್ನು ಇಟ್ಟುಕೊಳ್ಳುವವರು ಕನಿಷ್ಠ 50 ಲಕ್ಷ ಪೌಂಡ್‌ನ ಉದ್ಯೋಗದಾತ ವಿಮೆ ಮಾಡಿಸಿರಬೇಕು ಎಂಬುದು ಅಲ್ಲಿನ ಕಾನೂನು. ಅದು ಸರ್ವಿಸ್ ಕಂಪನಿಯ ಹೆಸರಲ್ಲಿ ಇದೆಯೇ, ನಿಮ್ಮ ತಂಡದವರೂ ಅದರಲ್ಲಿ ಸೇರುತ್ತಾರೆಯೇ ಎಂದು ಕೇಳಿ, ಪ್ರತಿ ಪಡೆದುಕೊಳ್ಳಿ. ಸಾರ್ವಜನಿಕರಿಗೆ ಆಗಬಹುದಾದ ಹಾನಿಯ ವಿಮೆ ಬೇರೆ. ಅದಿಲ್ಲದೆ ಸ್ಥಳೀಯ ಕೌನ್ಸಿಲ್‌ಗಳು ಅನುಮತಿ ಕೊಡುವುದಿಲ್ಲ. ಅಂದ ಹಾಗೆ, ಲಂಡನ್ ಬೀದಿಯಲ್ಲಿ ಕ್ಯಾಮೆರಾ ಹಿಡಿಯುವುದೇ ಅಪರಾಧವಲ್ಲ. ಆದರೆ ಟ್ರೈಪಾಡ್, ಟ್ರ್ಯಾಕ್ ಹಾಕಿ ಫುಟ್‌ಪಾತ್ ಹಿಡಿದರೆ ಆ ಪ್ರದೇಶದ ಫಿಲ್ಮ್ ಆಫೀಸಿನ ಒಪ್ಪಿಗೆ ಬೇಕು. ಟ್ರಫಾಲ್ಗರ್ ಚೌಕ, ರಾಯಲ್ ಪಾರ್ಕ್‌ಗಳು, ಮೆಟ್ರೋ ನಿಲ್ದಾಣಗಳಿಗೆ ಬೇರೆ ಬೇರೆ ಅನುಮತಿ. ಕದ್ದು ತೆಗೆದ ದೃಶ್ಯ ತೆರೆಯ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಮಾರುವ ಹೊತ್ತಿಗೆ ಅದಕ್ಕೆ ಕಾಗದ ಇರುವುದಿಲ್ಲ.

ನಟರ ತೆರಿಗೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ರಿಟನ್ನಿನಲ್ಲಿ ನಟಿಸಿದ ದಿನಗಳ ಸಂಭಾವನೆಗೆ ಅಲ್ಲಿ ತೆರಿಗೆ ಬೀಳುತ್ತದೆ, ಹಣ ಮೈಸೂರಿನಲ್ಲಿ ಕೊಟ್ಟರೂ ಸಹ. ಹೊರದೇಶದ ಕಲಾವಿದರಿಗೆ ಕೊಡುವ ಹಣದಲ್ಲಿ 20% ಹಿಡಿದು ಅಲ್ಲಿನ ತೆರಿಗೆ ಇಲಾಖೆಗೆ ಕಟ್ಟುವ ನಿಯಮ ಇದೆ. ಆ ತೆರಿಗೆ ವರ್ಷದ ಮೊತ್ತ 12,570 ಪೌಂಡ್ ದಾಟದಿದ್ದರೆ ಹಿಡಿಯಬೇಕಿಲ್ಲ. ಹಾಗಾಗಿ ಚಿಕ್ಕ ಪಾತ್ರದವರಿಗೆ ಚಿಂತೆ ಇಲ್ಲ. ನಾಯಕ, ನಾಯಕಿಯರದ್ದು ಲೆಕ್ಕ ಹಾಕಬೇಕು. ಇದು ಕಲಾವಿದರಿಗೆ ಮಾತ್ರ, ತಂತ್ರಜ್ಞರಿಗೆ ಅಲ್ಲ. ನಿಮ್ಮ ನಾಯಕನ ಆಡಿಟರ್‌ಗೆ ಈಗಲೇ ತಿಳಿಸಿ. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ರಿಯಾಯಿತಿ ಪಡೆಯಬಹುದು, ಆದರೆ ದಾಖಲೆ ಬೇಕು.

ನಮ್ಮ ಕಡೆಯ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಸರ್ವಿಸ್ ಕಂಪನಿಗೆ ಬ್ಯಾಂಕಿನಿಂದಲೇ ಹಣ ಕಳಿಸಿ. ಬ್ಯಾಂಕು ಒಪ್ಪಂದ, ಇನ್‌ವಾಯ್ಸ್, ಸಿಎ ಪ್ರಮಾಣಪತ್ರ ಕೇಳುತ್ತದೆ. ಅವರು ಬ್ರಿಟನ್ನಿನ ತೆರಿಗೆದಾರರು ಎಂಬ ಪ್ರಮಾಣಪತ್ರವನ್ನು ಮುಂಚೆಯೇ ತರಿಸಿಕೊಂಡರೆ ಟಿಡಿಎಸ್ ತಕರಾರು ಕಡಿಮೆ. ಹೊರಗಿನಿಂದ ಸೇವೆ ಪಡೆದದ್ದಕ್ಕೆ ರಿವರ್ಸ್ ಚಾರ್ಜ್‌ನಲ್ಲಿ 18% ಜಿಎಸ್‌ಟಿಯನ್ನು ನೀವೇ ಕಟ್ಟಬೇಕಾದ ಸಂದರ್ಭ ಬರುತ್ತದೆ. ಅದನ್ನು ಮುಂದೆ ಕ್ರೆಡಿಟ್ ಆಗಿ ಪಡೆಯಬಹುದಾದರೂ ಮೊದಲು ನಗದಾಗಿಯೇ ಕಟ್ಟಬೇಕು. ಹಣದ ಹರಿವಿನ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಇಡಿ. ಕ್ಯಾಮೆರಾ, ಲೆನ್ಸ್ ಇಲ್ಲಿಂದ ಒಯ್ಯುವುದಾದರೆ ಎಫ್‌ಐಸಿಸಿಐ (ಫಿಕ್ಕಿ) ಎಂಬ ವಾಣಿಜ್ಯ ಮಂಡಳಿಗಳ ಒಕ್ಕೂಟ ಕೊಡುವ ಎಟಿಎ ಕಾರ್ನೆ ಎಂಬ ಕಸ್ಟಮ್ಸ್ ದಾಖಲೆ ಮಾಡಿಸಿ. ಅದರ ಮೇಲೆ ಸುಂಕ ಕಟ್ಟದೆ ಒಯ್ದು ವಾಪಸ್ ತರಬಹುದು, ಒಂದು ವರ್ಷ ನಡೆಯುತ್ತದೆ. ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಸರಿ ಇರಬೇಕು. ಹೋಗುವಾಗ, ಬರುವಾಗ ಎರಡೂ ಕಡೆ ಕಸ್ಟಮ್ಸ್ ಮೊಹರು ಬೀಳಬೇಕು. ದಣಿದ ತಂಡ ವಾಪಸಾಗುವಾಗ ಮೊಹರು ಮರೆಯುವುದೇ ಜಾಸ್ತಿ. ಇದಕ್ಕೆಂದೇ ಒಬ್ಬರನ್ನು ನೇಮಿಸಿ.

‘ಹಣ ವಾಪಸ್ ಕೊಡುವ ಬೇರೆ ದೇಶಕ್ಕೆ ಹೋಗೋಣವೇ’ ಎಂದು ನಿಮ್ಮ ಪಾಲುದಾರರು ಕೇಳಿಯೇ ಕೇಳುತ್ತಾರೆ. ಪ್ರತಿ ದೇಶದ ನಿಯಮ ಬೇರೆ. ಥಾಯ್ಲೆಂಡಿನಲ್ಲಿ ಕಂಪನಿ ತೆರೆಯಬೇಕಿಲ್ಲ. ಅಲ್ಲಿನ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಸ್ಥಳೀಯ ಕೋಆರ್ಡಿನೇಟರ್ ಮೂಲಕವೇ ಅರ್ಜಿ ಹಾಕಬೇಕು. 30%ವರೆಗೆ ವಾಪಸ್ ಕೊಡುತ್ತಾರೆ, ಆದರೆ ಅಲ್ಲಿ ಕನಿಷ್ಠ 5 ಕೋಟಿ ಬಾತ್ ಖರ್ಚು ಮಾಡಿರಬೇಕು. ಅದು ಹತ್ತು ಕೋಟಿ ರೂಪಾಯಿಗೂ ಮೇಲೆ, ನಿಮ್ಮ ಇಡೀ ಬಜೆಟ್‌ಗಿಂತ ಜಾಸ್ತಿ. ಐಸ್‌ಲ್ಯಾಂಡ್ 25% ಕೊಡುತ್ತದೆ, ಅಲ್ಲಿ ಮಾತ್ರ ಆ ಸಿನಿಮಾಕ್ಕೆಂದೇ ಸ್ಥಳೀಯ ಕಂಪನಿ ಅಥವಾ ಶಾಖೆ ಬೇಕು. ಕೆನಡಾದಲ್ಲೂ ಕ್ರೆಡಿಟ್ ಬೇಕಾದರೆ ಅಲ್ಲಿ ಕಾಯಂ ವ್ಯವಹಾರದ ನೆಲೆ ಇರಬೇಕು. ಒಂದು ದೇಶದಲ್ಲಿ ಕಂಡ ದಾರಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ಕಥೆ ಲೀಡ್ಸ್‌ನದ್ದಾದರೆ ರಿಬೇಟ್‌ಗಾಗಿ ಅದನ್ನು ಫುಕೆಟ್‌ಗೆ ಸಾಗಿಸಲೂ ಬೇಡಿ.

ಇನ್ನು ನಿಮ್ಮ ತಮ್ಮ. ಅವನ ಪ್ರೀತಿ, ಉತ್ಸಾಹ ವ್ಯರ್ಥ ಆಗಬೇಕಿಲ್ಲ. ಸರ್ವಿಸ್ ಕಂಪನಿಗಳ ಹಳೆಯ ಗ್ರಾಹಕರನ್ನು ಅವನು ಮಾತಾಡಿಸಬಹುದು, ಲೊಕೇಷನ್ ನೋಡಿ ಬರಬಹುದು, ಅಲ್ಲಿನ ಕನ್ನಡ ಸಂಘದವರನ್ನು ಪರಿಚಯಿಸಬಹುದು. ಅವನು ಅಲ್ಲಿ ಕೆಲಸದ ವೀಸಾದಲ್ಲಿದ್ದರೆ ಸಂಭಾವನೆ ಕೊಡುವ ಮೊದಲು ಅವನ ವೀಸಾದ ಷರತ್ತು ನೋಡಿ. ಬೇರೆ ಕಡೆ ದುಡಿಯಲು ಅದು ಬಿಡದಿರಬಹುದು, ನಿಮ್ಮ ಸಿನಿಮಾದಿಂದ ಅವನ ನೌಕರಿಗೆ ತೊಂದರೆ ಆಗಬಾರದು. ಮೊದಲು ಎರಡು ಮೂರು ಸರ್ವಿಸ್ ಕಂಪನಿಗಳಿಂದ ವಿವರವಾದ ಕೊಟೇಶನ್ ತರಿಸಿ, ಒಂದರ ಜೊತೆ ಒಪ್ಪಂದ ಮಾಡಿಕೊಳ್ಳಿ. ಅವರ ಪತ್ರ ಕೈಗೆ ಬಂದ ಮೇಲೆಯೇ ವೀಸಾ ಅರ್ಜಿ. 28 ಜನರ ವೀಸಾ ಬರುವವರೆಗೆ ಹಣ ವಾಪಸ್ ಸಿಗದ ಟಿಕೆಟ್ ಮಾತ್ರ ತೆಗೆಯಬೇಡಿ.